ಮನೆಯ ವೈ-ಫೈಗೆ ಯಾವ ಬೀಗ?

(ಸಂಘದ ಪೋಷಕರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಕಲಿಸುವ ಶಿಕ್ಷಕಿಗೆ ವೈ-ಫೈ ಬಗ್ಗೆ ಮಾತನಾಡುವ ಉಸಾಬರಿ ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಕಾರಣ ಇಷ್ಟೇ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದ ಮೇಲೆ, ಅದುವರೆಗೆ ಇಂಟರ್‌ನೆಟ್ ಸಂಪರ್ಕವೇ ಇಲ್ಲದಿದ್ದ ಎಷ್ಟೋ ಮನೆಗಳಿಗೆ ಫೈಬರ್ ತಂತಿ ಬಂತು. ತಂತಿ ಎಳೆದ ಹುಡುಗ ಗೋಡೆಗೆ ಒಂದು ಪೆಟ್ಟಿಗೆ ಹೊಡೆದ, ನಿಮ್ಮ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿಕೊಟ್ಟ, ಸಹಿ ಹಾಕಿಸಿಕೊಂಡು ಹೋದ. ಅಂದಿನಿಂದ ಇಂದಿನವರೆಗೆ ಆ ಪೆಟ್ಟಿಗೆಯನ್ನು ಧೂಳು ಒರೆಸಲು ಬಿಟ್ಟರೆ ಬೇರೆ ಯಾವುದಕ್ಕೂ ಯಾರೂ ಮುಟ್ಟಿಲ್ಲ. ಮನೆಯ ಮುಂಬಾಗಿಲಿಗೆ ಎರಡು ಚಿಲಕ, ಒಂದು ಬೀಗ ಹಾಕುವ ನಾವು, ಗೋಡೆ ದಾಟಿ ಬೀದಿಯವರೆಗೆ ತೆರೆದುಕೊಳ್ಳುವ ಈ ಇನ್ನೊಂದು ಬಾಗಿಲಿಗೆ ಯಾವ ಬೀಗ ಇದೆ ಎಂದು ನೋಡಿಯೇ ಇಲ್ಲ.

ತಂತಿಯ ಮೂಲಕ ಹೋಗುವ ಮಾತನ್ನು ಕೇಳಬೇಕಾದರೆ ತಂತಿಯನ್ನು ಕೊಯ್ಯಬೇಕು. ವೈ-ಫೈ ಹಾಗಲ್ಲ. ಅದು ರೇಡಿಯೋ. ನಿಮ್ಮ ಪೆಟ್ಟಿಗೆ ಆಡುವುದೆಲ್ಲ ಪಕ್ಕದ ಮನೆಗೂ, ಮೇಲಿನ ಮಹಡಿಗೂ, ಎದುರಿನ ಚಹಾದ ಅಂಗಡಿಗೂ ಕೇಳಿಸುತ್ತಲೇ ಇರುತ್ತದೆ. ಕೇಳಿಸದಂತೆ ಮಾಡಲು ಆಗುವುದಿಲ್ಲ. ಕೇಳಿಸಿದರೂ ಅರ್ಥವಾಗದಂತೆ ಮಾಡಬಹುದು. ಅದಕ್ಕೇ ಎನ್‌ಕ್ರಿಪ್ಷನ್ ಎನ್ನುವುದು. ಕನ್ನಡದಲ್ಲಿ ಗೂಢಲಿಪೀಕರಣ ಎನ್ನುತ್ತಾರೆ, ಹೇಳಲು ನಾಲಿಗೆ ತೊಡರುತ್ತದೆ. ನಾನು ಗುಪ್ತಲಿಪಿ ಎಂದೇ ಕರೆಯುತ್ತೇನೆ.

ಈ ವಿದ್ಯೆ ನಮಗೆ ಪರಕೀಯವಲ್ಲ. ಇಂಗ್ಲಿಷಿನಲ್ಲಿ ಗುಪ್ತಲಿಪಿಗೆ ಸೈಫರ್ ಎನ್ನುತ್ತಾರಲ್ಲ, ಅದು ಅರಬಿಯ ಸಿಫ್ರ್. ಉರ್ದುವಿನಲ್ಲಿ ಇಂದಿಗೂ ಸೊನ್ನೆಗೆ ನಾವು ಸಿಫರ್ ಎಂದೇ ಹೇಳುತ್ತೇವೆ. ಆ ಸಿಫ್ರ್ ಸಂಸ್ಕೃತದ ಶೂನ್ಯದ ಅನುವಾದ. ಹೀಗೆ ಭಾರತದಿಂದ ಹೊರಟ ಸೊನ್ನೆ ಬಗ್ದಾದ್ ಮಾರ್ಗವಾಗಿ ಯುರೋಪಿಗೆ ಹೋಗಿ, ಗುಪ್ತಲಿಪಿಯ ಹೆಸರಾಗಿ ನಮ್ಮ ಗೋಡೆಯ ಪೆಟ್ಟಿಗೆಗೆ ಮರಳಿ ಬಂದಿದೆ! ಹೆಸರಷ್ಟೇ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್-ಕಿಂದಿ ಎಂಬ ಮಹಾ ವಿದ್ವಾಂಸರು ಗುಪ್ತಲಿಪಿಯನ್ನು ಬಿಡಿಸುವ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ಅದರ ಹಸ್ತಪ್ರತಿ ಇಸ್ತಾಂಬುಲ್‌ನ ಸುಲೈಮಾನಿಯಾ ಸಂಗ್ರಹದಲ್ಲಿ ದೊರೆಯಿತು. ಅವರ ಉಪಾಯ ಬಹಳ ಸರಳ. ಯಾವುದೇ ಭಾಷೆಯಲ್ಲಿ ಕೆಲವು ಅಕ್ಷರಗಳು ಪದೇ ಪದೇ ಬರುತ್ತವೆ, ಕೆಲವು ಅಪರೂಪ. ಅರಬಿಯಲ್ಲಿ ಅಲಿಫ್, ಲಾಮ್ ಹೆಚ್ಚು. ಗುಪ್ತ ಬರಹದಲ್ಲಿ ಯಾವ ಗುರುತು ಅತಿ ಹೆಚ್ಚು ಸಲ ಬಂದಿದೆ ಎಂದು ಎಣಿಸಿ, ಅದನ್ನು ಭಾಷೆಯ ಅತಿ ಹೆಚ್ಚು ಬಳಕೆಯ ಅಕ್ಷರದೊಂದಿಗೆ ಹೋಲಿಸಿದರೆ ಗುಟ್ಟು ಬಿಚ್ಚಿಕೊಳ್ಳುತ್ತದೆ. ಪುನರಾವರ್ತನೆಯೇ ಗುಟ್ಟನ್ನು ರಟ್ಟು ಮಾಡುತ್ತದೆ ಎಂಬುದು ಅಲ್-ಕಿಂದಿ ಕಂಡ ಸತ್ಯ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಪೆಟ್ಟಿಗೆಗೆ ಬರೋಣ. ಅದನ್ನು ರೌಟರ್ ಎನ್ನುತ್ತಾರೆ. ಅದರ ಬೆನ್ನಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 192.168.1.1 ಅಥವಾ 192.168.0.1 ಎಂಬಂತಹ ಒಂದು ವಿಳಾಸ ಇರುತ್ತದೆ. ಮನೆಯ ವೈ-ಫೈಗೆ ಸೇರಿಕೊಂಡು, ಮೊಬೈಲಿನ ಬ್ರೌಸರಿನಲ್ಲಿ ಆ ವಿಳಾಸ ಒತ್ತಿದರೆ ರೌಟರಿನ ಒಳಮನೆ ತೆರೆಯುತ್ತದೆ. ಕೆಲವು ಕಂಪನಿಗಳು ಇದಕ್ಕೆಂದೇ ಆ್ಯಪ್ ಕೊಟ್ಟಿವೆ. ಒಳಗೆ ವೈರ್‌ಲೆಸ್ ಸೆಕ್ಯುರಿಟಿ ಎಂಬಲ್ಲಿ ಒಂದು ಪಟ್ಟಿ ಕಾಣುತ್ತದೆ: ಓಪನ್, ವೆಪ್, ಡಬ್ಲ್ಯುಪಿಎ, ಡಬ್ಲ್ಯುಪಿಎ2, ಡಬ್ಲ್ಯುಪಿಎ3. ಪಕ್ಕದಲ್ಲಿ ಟಿಕೆಐಪಿ, ಎಇಎಸ್ ಎಂಬ ಇನ್ನೆರಡು ಹೆಸರು. ಇವೆಲ್ಲ ಒಂದೇ ಅಂಗಡಿಯ ಬೇರೆ ಬೇರೆ ಬ್ರ್ಯಾಂಡಿನ ಬೀಗಗಳೆಂದು ಭಾವಿಸಬೇಡಿ. ಒಂದು ತುಕ್ಕು ಹಿಡಿದದ್ದು, ಒಂದು ತೇಪೆ ಹಾಕಿದ್ದು, ಒಂದು ಗಟ್ಟಿಯಾದದ್ದು, ಒಂದು ಹೊಸತು. ಮಾರಾಟಗಾರರು ಹಳೆಯ ಯಂತ್ರಗಳ ಸಲುವಾಗಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ, ಇದು ಗ್ರಾಹಕರಿಗೆ ಮಾಡಿದ ಉಪಕಾರವಲ್ಲ ಎಂದು ನನ್ನ ಅಭಿಪ್ರಾಯ.

ವೆಪ್ ಎಂಬುದು 1997ರಲ್ಲಿ ವೈ-ಫೈ ಮಾನದಂಡದ ಜೊತೆಯಲ್ಲೇ ಹುಟ್ಟಿದ್ದು. ಮನೆಯವರೆಲ್ಲರಿಗೂ ಒಂದೇ ಬೀಗದ ಕೈ. ಪ್ರತಿಯೊಂದು ಪತ್ರಕ್ಕೂ, ಅಂದರೆ ಗಾಳಿಯಲ್ಲಿ ಹೋಗುವ ಮಾಹಿತಿಯ ಪ್ರತಿಯೊಂದು ತುಣುಕಿಗೂ, ಆ ಕೈಗೆ ಒಂದು ಚಿಕ್ಕ ಸಂಖ್ಯೆಯನ್ನು ಸೇರಿಸಿ ಗುಪ್ತಲಿಪಿ ಮಾಡುತ್ತಿದ್ದರು. ಆ ಚಿಕ್ಕ ಸಂಖ್ಯೆ 24 ಬಿಟ್‌ನದು, ಒಟ್ಟು 1,67,77,216 ಬಗೆ. ಕೇಳಲು ದೊಡ್ಡ ಸಂಖ್ಯೆ, ಆದರೆ ಬಿಡುವಿಲ್ಲದ ವೈ-ಫೈಯಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿದುಹೋಗಿ ಹಳೆಯ ಸಂಖ್ಯೆಗಳೇ ಮತ್ತೆ ಬರುತ್ತವೆ. ಪ್ರತಿ ವರ್ಷ ಅದೇ ಪ್ರಶ್ನೆಪತ್ರಿಕೆ ಕೊಡುವ ಮೇಷ್ಟ್ರಿದ್ದಂತೆ! ಅಲ್-ಕಿಂದಿಯವರ ಮಾತು ಇಲ್ಲಿ ನಿಜವಾಯಿತು. ಇದರ ಮೇಲೆ, ಬೀಗದ ಕೈಯನ್ನೇ ಲೆಕ್ಕ ಹಾಕಿ ತೆಗೆಯಬಹುದೆಂದು 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ತೋರಿಸಿದರು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ನಿಮಿಷದೊಳಗೆ ವೆಪ್ ಒಡೆಯುವ ವಿಧಾನವನ್ನು ಪ್ರಕಟಿಸಿದರು. ಅದೇ ವರ್ಷ ಅಮೆರಿಕದ ಟಿಜೆಎಕ್ಸ್ ಎಂಬ ಅಂಗಡಿ ಸಮೂಹದಿಂದ 4 ಕೋಟಿ 50 ಲಕ್ಷಕ್ಕೂ ಹೆಚ್ಚು ಕಾರ್ಡುಗಳ ವಿವರ ಕಳುವಾದ ಸುದ್ದಿ ಹೊರಬಿತ್ತು; ಕಳ್ಳರು ಒಳಹೊಕ್ಕದ್ದು ಅಂಗಡಿಯೊಂದರ ವೆಪ್ ಬೀಗದ ವೈ-ಫೈ ಮೂಲಕ. ಆದ್ದರಿಂದ ವೆಪ್ ಇದ್ದರೆ ಬಾಗಿಲಿಗೆ ದಾರ ಕಟ್ಟಿದಂತೆ.

ವೆಪ್ ಕುಸಿದಾಗ, ಆಗಲೇ ಮಾರಾಟವಾಗಿದ್ದ ಲಕ್ಷಾಂತರ ಯಂತ್ರಗಳನ್ನು ಬಿಸಾಡುವಂತಿರಲಿಲ್ಲ. ಅದಕ್ಕಾಗಿ 2003ರಲ್ಲಿ ಡಬ್ಲ್ಯುಪಿಎ ಬಂತು, ಅದರ ಗುಪ್ತಲಿಪಿಯ ಹೆಸರು ಟಿಕೆಐಪಿ. ಇದು ಹಳೆಯ ಯಂತ್ರಗಳಲ್ಲೇ ನಡೆಯುವಂತೆ ಹಾಕಿದ ತೇಪೆ. 2008ರಲ್ಲಿ ಈ ತೇಪೆಯೂ ಸಡಿಲವೆಂದು ಗೊತ್ತಾಯಿತು. 2004ರಲ್ಲಿ ಬಂದ ಡಬ್ಲ್ಯುಪಿಎ2 ಮಾತ್ರ ಬೇರೆಯೇ ಜಾತಿಯದು. ಇದರ ಎದೆಯಲ್ಲಿರುವುದು ಎಇಎಸ್. ಇಬ್ಬರು ಬೆಲ್ಜಿಯಂ ದೇಶದವರು ರೂಪಿಸಿದ ಈ ಗುಪ್ತಲಿಪಿಯನ್ನು ಅಮೆರಿಕ ಸರ್ಕಾರ ಬಹಿರಂಗ ಸ್ಪರ್ಧೆ ನಡೆಸಿ, ಜಗತ್ತಿನ ಪಂಡಿತರೆಲ್ಲ ಒಡೆಯಲು ನೋಡಿ ಸೋತ ಮೇಲೆ 2001ರಲ್ಲಿ ಮಾನದಂಡವಾಗಿ ಸ್ವೀಕರಿಸಿತು. ಇಲ್ಲೊಂದು ಸ್ವಾರಸ್ಯ. ಎಇಎಸ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಗುಟ್ಟಲ್ಲ, ಪುಸ್ತಕಗಳಲ್ಲಿ ಅಚ್ಚಾಗಿದೆ. ಬೀಗದ ನಕ್ಷೆ ಎಲ್ಲರ ಕೈಯಲ್ಲಿದೆ, ಚಾಬಿ ಮಾತ್ರ ನಿಮ್ಮದು.

ಹಾಗಾದರೆ ಆರಿಸಬೇಕಾದ್ದು ಯಾವುದು? ನಿಮ್ಮ ರೌಟರಿನಲ್ಲಿ ಡಬ್ಲ್ಯುಪಿಎ3 ಇದ್ದು, ಮನೆಯ ಎಲ್ಲ ಮೊಬೈಲುಗಳೂ ಒಪ್ಪಿದರೆ ಅದನ್ನೇ ಇಡಿ. ಇದು 2018ರಲ್ಲಿ ಬಂದದ್ದು. 2020ರ ಜುಲೈನಿಂದ ವೈ-ಫೈ ಒಕ್ಕೂಟದ ಪ್ರಮಾಣಪತ್ರ ಪಡೆಯುವ ಹೊಸ ಯಂತ್ರಗಳಿಗೆ ಕಡ್ಡಾಯವಾಗಿದೆ. ಹಳೆಯ ಮೊಬೈಲೋ ಸಿಸಿಟಿವಿಯೋ ಹಟ ಹಿಡಿದರೆ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಎರಡೂ ಸೇರಿದ ಆಯ್ಕೆ ಇರುತ್ತದೆ, ಅದು ಸಾಕು. ಡಬ್ಲ್ಯುಪಿಎ3 ಇಲ್ಲವೇ ಇಲ್ಲ ಎಂದಾದರೆ ಡಬ್ಲ್ಯುಪಿಎ2 ಆರಿಸಿ, ಪಕ್ಕದಲ್ಲಿ ಎಇಎಸ್ ಮಾತ್ರ ಇರಲಿ. ಡಬ್ಲ್ಯುಪಿಎ/ಡಬ್ಲ್ಯುಪಿಎ2 ಮಿಶ್ರ ಎಂದೋ, ಟಿಕೆಐಪಿ ಮತ್ತು ಎಇಎಸ್ ಎಂದೋ ಇರುವುದನ್ನು ಬಿಡಿ. ಅದು ಗಟ್ಟಿ ಬಾಗಿಲಿನ ಪಕ್ಕದಲ್ಲೇ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಸುರಕ್ಷತೆಯ ಮಾತು ರುಚಿಸದವರಿಗೆ ದುಡ್ಡಿನ ಮಾತು ಹೇಳುತ್ತೇನೆ: ವೆಪ್ ಅಥವಾ ಟಿಕೆಐಪಿಯಲ್ಲಿ ಸೇರಿದ ಯಂತ್ರಕ್ಕೆ ಮಾನದಂಡದ ಪ್ರಕಾರವೇ ಹೊಸ ವೇಗಗಳು ಸಿಗುವುದಿಲ್ಲ, 54 ಎಂಬಿಪಿಎಸ್‌ನಲ್ಲೇ ನಿಂತುಬಿಡುತ್ತದೆ. ತಿಂಗಳಿಗೆ 100ರ ವೇಗಕ್ಕೆ ಹಣ ಕಟ್ಟಿ ಅದರ ಅರ್ಧವನ್ನು ಉಣ್ಣುತ್ತಿರುವವರು ನಮ್ಮಲ್ಲಿ ಇರಬಹುದು!

ಬೀಗ ಎಷ್ಟೇ ಗಟ್ಟಿಯಾದರೂ ಚಾಬಿಯನ್ನು ಹೊಸ್ತಿಲ ಮೇಲಿಟ್ಟರೆ ಏನು ಪ್ರಯೋಜನ? ಪಾಸ್‌ವರ್ಡಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಡಬ್ಲ್ಯುಪಿಎ2 ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ. ನಿಮ್ಮ ಮೊಬೈಲ್ ರೌಟರಿಗೆ ಸೇರುವಾಗ ಎರಡೂ ಪರಸ್ಪರ ಗುರುತು ಹಿಡಿಯುತ್ತವೆ. ಆ ಕೆಲವು ಕ್ಷಣಗಳ ಮಾತುಕತೆಯನ್ನು ಬೀದಿಯಲ್ಲಿ ನಿಂತವನು ಹಿಡಿದಿಟ್ಟುಕೊಂಡರೆ ಸಾಕು. ಮತ್ತೆ ಅವನು ನಿಮ್ಮ ಮನೆಯ ಹತ್ತಿರ ಬರಬೇಕಾಗಿಲ್ಲ. ತನ್ನ ಮನೆಯಲ್ಲಿ ಕುಳಿತು, ಕಂಪ್ಯೂಟರಿನಿಂದ ಒಂದೊಂದೇ ಪಾಸ್‌ವರ್ಡನ್ನು ಊಹಿಸಿ ತಾಳೆ ನೋಡುತ್ತಾನೆ. ಪ್ರತಿ ಊಹೆಗೂ 4096 ಸುತ್ತಿನ ಲೆಕ್ಕ ಮಾಡಬೇಕೆಂಬ ನಿಯಮವಿದೆ, ಊಹೆ ನಿಧಾನವಾಗಲಿ ಎಂದೇ ಇಟ್ಟದ್ದು. ಆದರೂ ಇಂದಿನ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಲಕ್ಷ ಊಹೆ ಮಾಡಬಲ್ಲದು. ಈಗ ಲೆಕ್ಕ ಹಾಕಿ. ಎಂಟು ಅಂಕಿಯ ಪಾಸ್‌ವರ್ಡ್, ಉದಾಹರಣೆಗೆ ಹುಟ್ಟಿದ ದಿನ, ಒಟ್ಟು ಹತ್ತು ಕೋಟಿ ಬಗೆ: ನೂರು ಸೆಕೆಂಡು. ಮೊಬೈಲ್ ನಂಬರ್? ನಮ್ಮ ದೇಶದಲ್ಲಿ ಅದು 6, 7, 8 ಅಥವಾ 9ರಿಂದ ಶುರುವಾಗುತ್ತದೆ, ಆದ್ದರಿಂದ ನಾನೂರು ಕೋಟಿ ಬಗೆ: ನಾಲ್ಕು ಸಾವಿರ ಸೆಕೆಂಡು, ಅಂದರೆ ಒಂದು ಗಂಟೆ ಏಳು ನಿಮಿಷ. ತಂತಿ ಎಳೆದ ಹುಡುಗ ಕೊಟ್ಟುಹೋದ ಪಾಸ್‌ವರ್ಡಿನ ಆಯುಷ್ಯ ಇಷ್ಟೇ.

ಇದು ಬರೀ ಕಾಗದದ ಲೆಕ್ಕವಲ್ಲ. 2021ರಲ್ಲಿ ಇಸ್ರೇಲಿನ ಭದ್ರತಾ ಸಂಶೋಧಕರೊಬ್ಬರು ಟೆಲ್ ಅವೀವ್ ನಗರದಲ್ಲಿ ಸುತ್ತಾಡಿ ಐದು ಸಾವಿರ ವೈ-ಫೈಗಳ ಮಾಹಿತಿ ಹಿಡಿದು ಪರೀಕ್ಷಿಸಿದರು. ಮೂರೂವರೆ ಸಾವಿರಕ್ಕೂ ಹೆಚ್ಚು ಪಾಸ್‌ವರ್ಡುಗಳು ಸಿಕ್ಕಿಬಿಟ್ಟವು. ಅವುಗಳಲ್ಲಿ ಬಹಳಷ್ಟು ಮನೆಯವರ ಮೊಬೈಲ್ ನಂಬರುಗಳೇ! ತಂತ್ರಜ್ಞಾನದಲ್ಲಿ ಮುಂದಿರುವ ಊರಿನ ಗತಿಯೇ ಹೀಗಾದರೆ ನಮ್ಮ ಮೊಹಲ್ಲಾಗಳ ಬಗ್ಗೆ ಹೇಳುವುದೇನಿದೆ?

ನಮ್ಮ ಮನೆಗಳಲ್ಲಿ ಇನ್ನೊಂದು ಪದ್ಧತಿಯಿದೆ. ಮಗನ ಹೆಸರು, ಹಿಂದೆ 786. ಬರ್ಕತ್ ಇರಲಿ ಎಂಬ ಭಾವನೆಗೆ ನನ್ನ ತಕರಾರಿಲ್ಲ, ಆದರೆ ಬೀಗದ ಕೈಗೆ ಇದು ಸಲ್ಲದು. ಊಹಿಸುವವರು ಗಾಳಿಯಲ್ಲಿ ಊಹಿಸುವುದಿಲ್ಲ, ಪಟ್ಟಿ ಇಟ್ಟುಕೊಂಡು ಊಹಿಸುತ್ತಾರೆ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಮೂರು ಕೋಟಿಗೂ ಹೆಚ್ಚು ಪಾಸ್‌ವರ್ಡುಗಳು ಸೋರಿದವು. ಆ ಪಟ್ಟಿ ಇಂದಿಗೂ ಕಳ್ಳರಿಗೂ ಕಾವಲುಗಾರರಿಗೂ ಪಠ್ಯಪುಸ್ತಕ. ಹೆಸರುಗಳು, 786, 123456, ಐ ಲವ್ ಯೂ ಎಲ್ಲವೂ ಅದರಲ್ಲಿ ಇವೆ.

ಹಾಗೆಂದು ನೆನಪಿಡಲಾಗದ ವಿಚಿತ್ರ ಚಿಹ್ನೆಗಳ ಸರಮಾಲೆ ಬೇಕಿಲ್ಲ. ನಿಮಗೆ ಎಂಟರಿಂದ 63 ಅಕ್ಷರಗಳವರೆಗೆ ಜಾಗವಿದೆ. ಒಂದಕ್ಕೊಂದು ಸಂಬಂಧವಿಲ್ಲದ ಐದು ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಸೇರಿಸಿ ಬರೆಯಿರಿ. ನೇರಳೆ, ಬಕೆಟ್, ಮಿನಾರ್, ಹನ್ನೆರಡು, ಕೊಡೆ, ಇಂತಹ ಪದಗಳು. (ದಯವಿಟ್ಟು ಇವನ್ನೇ ಇಟ್ಟುಕೊಳ್ಳಬೇಡಿ, ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ.) ಮನಸ್ಸಿಗೆ ಬಂದದ್ದನ್ನು ಆರಿಸುವ ಬದಲು ನಿಘಂಟನ್ನು ಕಣ್ಣು ಮುಚ್ಚಿ ತೆರೆದು ಬೆರಳಿಡಿ, ಮಕ್ಕಳಿಗೆ ಈ ಆಟ ಬಹಳ ಇಷ್ಟವಾಗುತ್ತದೆ, ನಾಲ್ಕು ಹೊಸ ಪದವೂ ಸಿಗುತ್ತದೆ. ಎರಡು ಸಾವಿರ ಪದಗಳ ಪಟ್ಟಿಯಿಂದ ಹೀಗೆ ನಾಲ್ಕು ಪದ ಎತ್ತಿದರೆ ಮೇಲೆ ಹೇಳಿದ ಕಾರ್ಡಿಗೆ ಎಲ್ಲವನ್ನೂ ಮುಗಿಸಲು ಸುಮಾರು ಆರು ತಿಂಗಳು ಬೇಕು. ಐದನೆಯ ಪದ ಸೇರಿಸಿದರೆ ಸಾವಿರ ವರ್ಷ. ಒಂದೇ ಒಂದು ಪದ ಆರು ತಿಂಗಳನ್ನು ಸಾವಿರ ವರ್ಷ ಮಾಡುವುದನ್ನು ಗಣಿತದ ಶಿಕ್ಷಕರು ನನಗಿಂತ ಚೆನ್ನಾಗಿ ವಿವರಿಸಿಯಾರು. ಡಬ್ಲ್ಯುಪಿಎ3ರಲ್ಲಿ ಮಾತುಕತೆಯನ್ನು ಹಿಡಿದು ಮನೆಗೆ ಒಯ್ದು ಊಹಿಸುವ ದಾರಿಯನ್ನೇ ಮುಚ್ಚಿದ್ದಾರೆ. ಪ್ರತಿ ಊಹೆಗೂ ರೌಟರಿನ ಎದುರೇ ನಿಲ್ಲಬೇಕು. ಅದರ ದೊಡ್ಡ ಗುಣವೇ ಅದು.

ಇನ್ನು ರೌಟರಿನ ಮೇಲೆ ಡಬ್ಲ್ಯುಪಿಎಸ್ ಎಂಬ ಗುಂಡಿ ಇರುತ್ತದೆ. ಹೆಸರು ಡಬ್ಲ್ಯುಪಿಎ ಹಾಗೆಯೇ ಕೇಳಿಸಿದರೂ ಕೆಲಸ ಬೇರೆ. ಪಾಸ್‌ವರ್ಡ್ ಬರೆಯುವ ತೊಂದರೆ ತಪ್ಪಿಸಲು ಎಂಟು ಅಂಕಿಯ ಪಿನ್ ಕೊಟ್ಟಿದ್ದರು. 2011ರ ಡಿಸೆಂಬರಿನಲ್ಲಿ ಸ್ಟೆಫಾನ್ ಫೀಬೋಕ್ ಎಂಬವರು ಇದರ ದೌರ್ಬಲ್ಯ ಬಯಲು ಮಾಡಿದರು. ರೌಟರ್ ಪಿನ್ನಿನ ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಎಂದು ಬೇರೆಯಾಗಿ ಹೇಳಿಬಿಡುತ್ತಿತ್ತು. ಕೊನೆಯ ಅಂಕಿ ತಾಳೆ ನೋಡುವ ಅಂಕಿ ಮಾತ್ರ. ಹೀಗಾಗಿ ಹತ್ತು ಕೋಟಿ ಊಹೆ ಬೇಕಾದಲ್ಲಿ ಹತ್ತು ಸಾವಿರ ಮತ್ತು ಒಂದು ಸಾವಿರ, ಒಟ್ಟು ಹನ್ನೊಂದು ಸಾವಿರ ಸಾಕಾಯಿತು. ಪರೀಕ್ಷೆಯಲ್ಲಿ ಅರ್ಧ ಉತ್ತರ ಸರಿಯೆಂದು ಮೇಲ್ವಿಚಾರಕರೇ ಕಿವಿಯಲ್ಲಿ ಹೇಳಿದಂತಾಯಿತು! ಡಬ್ಲ್ಯುಪಿಎಸ್ ಅನ್ನು ಆಫ್ ಮಾಡಿ. ಹಾಗೆಯೇ ರೌಟರಿನ ಒಳಮನೆಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಬೇರೆಯೇ ಇರುತ್ತದೆ, ಅದನ್ನೂ ಬದಲಿಸಿ. ವೈ-ಫೈಯ ಹೆಸರಿನಲ್ಲಿ ಮನೆ ನಂಬರ್, ಮನೆತನದ ಹೆಸರು ಬೇಡ, ಕಂಪನಿ ಕೊಟ್ಟ ಹೆಸರೂ ಬೇಡ. ವೈ-ಫೈಯ ಹೆಸರನ್ನು ಮರೆಮಾಡಿ ಸುರಕ್ಷಿತರಾದೆವು ಎನ್ನುವವರಿದ್ದಾರೆ. ಬೇಕಾದವನಿಗೆ ಅದು ಕಾಣಿಸಿಯೇ ತೀರುತ್ತದೆ, ಆ ತಲೆನೋವು ಅನಗತ್ಯ. ಅಪ್‌ಡೇಟ್ ಬಂದರೆ ಹಾಕಿಕೊಳ್ಳಿ: 2017ರಲ್ಲಿ ಡಬ್ಲ್ಯುಪಿಎ2ರಲ್ಲಿಯೇ ಕ್ರ್ಯಾಕ್ ಎಂಬ ಬಿರುಕು ಕಂಡಾಗ ಅದನ್ನು ಮುಚ್ಚಿದ್ದು ಅಪ್‌ಡೇಟುಗಳೇ.

ಈಗ ಕೆಲವರು ಕೇಳಬಹುದು, "ನಮ್ಮ ಮನೆಯಲ್ಲಿ ಕದಿಯಲು ಏನಿದೆ? ಬ್ಯಾಂಕಿನ ಆ್ಯಪಿಗೆ ಅದರದೇ ಬೀಗ ಇದೆಯಲ್ಲ?" ಪ್ರಶ್ನೆ ಸರಿಯೇ. ಬ್ಯಾಂಕಿನ, ಯುಪಿಐ ಆ್ಯಪುಗಳು ಮಾಹಿತಿಯನ್ನು ತಾವೇ ಗುಪ್ತಲಿಪಿ ಮಾಡಿ ಕಳಿಸುತ್ತವೆ, ವೈ-ಫೈ ತೆರೆದಿದ್ದ ಮಾತ್ರಕ್ಕೆ ನಿಮ್ಮ ಖಾತೆ ಖಾಲಿಯಾಗುವುದಿಲ್ಲ. ಹೆದರಿಸಿ ಬೀಗ ಮಾರುವುದು ನನ್ನ ಉದ್ದೇಶವಲ್ಲ. ವಿಷಯ ಬೇರೆಯೇ ಇದೆ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾಗಿ ಐವತ್ತಕ್ಕೂ ಹೆಚ್ಚು ಅಮಾಯಕರು ಪ್ರಾಣ ಕಳೆದುಕೊಂಡರು. ಸ್ಫೋಟಕ್ಕೆ ಸ್ವಲ್ಪ ಮೊದಲು ಸುದ್ದಿವಾಹಿನಿಗಳಿಗೆ ಒಂದು ಇ-ಮೇಲ್ ಬಂದಿತ್ತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯ ಒಂದು ಫ್ಲ್ಯಾಟಿಗೆ. ಅಲ್ಲಿ ವಾಸವಿದ್ದದ್ದು ಒಬ್ಬ ಅಮೆರಿಕನ್ ಪ್ರಜೆ. ಅವರ ವೈ-ಫೈಗೆ ಬೀಗವಿರಲಿಲ್ಲ, ಯಾರೋ ಹೊರಗಿನಿಂದ ಅದನ್ನು ಬಳಸಿದ್ದರು. ಅವರ ಕಂಪ್ಯೂಟರುಗಳನ್ನು ಪರೀಕ್ಷೆಗೆ ಒಯ್ದರು, ಅವರನ್ನು ವಿಚಾರಣೆಗೆ ಒಳಪಡಿಸಿದರು. 2009ರ ಆರಂಭದಲ್ಲಿ ಮುಂಬಯಿ ಪೊಲೀಸರು ಬೀಗವಿಲ್ಲದ ವೈ-ಫೈಗಳನ್ನು ಹುಡುಕಿಕೊಂಡು ಬೀದಿ ಸುತ್ತಿದ್ದೂ ಇದೇ ಕಾರಣದಿಂದ.

ಆ ಮನುಷ್ಯನ ಪರವಾಗಿ ವಿಚಾರಿಸಲು ಒಂದು ದೇಶದ ರಾಯಭಾರ ಕಚೇರಿ ಇತ್ತು. ಸಂಪರ್ಕ ನಿಮ್ಮ ಹೆಸರಿನಲ್ಲಿದೆ, ಮನೆಯಲ್ಲಿ ಪಿಯುಸಿ ಓದುವ ಮಗನಿದ್ದಾನೆ, ಅವನ ಲ್ಯಾಪ್‌ಟಾಪಿನಲ್ಲಿ ಸ್ಕಾಲರ್‌ಶಿಪ್ ಅರ್ಜಿ, ಸಿಇಟಿ ಟಿಪ್ಪಣಿ ಎಲ್ಲ ಇದೆ ಎಂದುಕೊಳ್ಳಿ. ಬೀದಿಯಲ್ಲಿ ನಿಂತ ಯಾರೋ ಅಪರಿಚಿತನು ನಿಮ್ಮ ವೈ-ಫೈಯಿಂದ ಒಬ್ಬರಿಗೆ ಬೆದರಿಕೆ ಬರೆದ, ಅಥವಾ ಒಂದು ಹೆಣ್ಣುಮಗಳ ಹೆಸರಿನಲ್ಲಿ ಸುಳ್ಳು ಖಾತೆ ತೆರೆದ. ವಿಳಾಸ ತೋರಿಸುವುದು ನಿಮ್ಮ ಮನೆಯನ್ನು. ನಿರಪರಾಧಿಯೆಂದು ಕೊನೆಗೆ ಸಾಬೀತಾಗಬಹುದು, ಇನ್‌ಶಾ ಅಲ್ಲಾಹ್ ಆಗಿಯೇ ಆಗುತ್ತದೆ. ಆದರೆ ಲ್ಯಾಪ್‌ಟಾಪ್ ಮರಳಿ ಬರುವಷ್ಟರಲ್ಲಿ ಸಿಇಟಿ ಮುಗಿದಿರುತ್ತದೆ, ಮತ್ತು ಮನೆ ಮುಂದೆ ಜೀಪು ನಿಂತದ್ದನ್ನು ಬೀದಿ ಮರೆಯುವುದಿಲ್ಲ. ಇದನ್ನು ಇದಕ್ಕಿಂತ ಬಿಡಿಸಿ ಹೇಳುವ ಅಗತ್ಯ ಈ ಸಭೆಯಲ್ಲಿ ಇಲ್ಲ.

ಹಾಗಾದರೆ ಪಕ್ಕದ ಮನೆಯವರಿಗೆ ಕೊಡಲೇಬಾರದೇ? ನೆರೆಯವರ ಹಖ್ ಏನೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಪಕ್ಕದ ಮನೆಯ ಹುಡುಗಿಗೆ ಪರೀಕ್ಷೆಯ ದಿನಗಳಲ್ಲಿ ಇಂಟರ್‌ನೆಟ್ ಬೇಕಾದರೆ ಖಂಡಿತ ಕೊಡಿ. ಕೊಡುವ ಕ್ರಮವಿದೆ. ಬಹುತೇಕ ರೌಟರುಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಆಯ್ಕೆ ಇರುತ್ತದೆ. ಅದು ನಮ್ಮ ಮನೆಗಳ ಬೈಠಕ್ ಕೋಣೆ ಇದ್ದಂತೆ: ಅತಿಥಿ ಬರಬಹುದು, ಚಹಾ ಕುಡಿಯಬಹುದು, ಒಳಮನೆಗೆ ದಾರಿಯಿಲ್ಲ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇಟ್ಟು, ಅದಕ್ಕೂ ಡಬ್ಲ್ಯುಪಿಎ2 ಅಥವಾ 3 ಹಾಕಿ. ಯಾರಿಗೆ ಕೊಟ್ಟಿದ್ದೀರಿ ಎಂದು ನಿಮಗೆ ಗೊತ್ತಿರಲಿ, ಕೆಲಸ ಮುಗಿದ ಮೇಲೆ ಬದಲಿಸಿ. ಮನೆಯ ಮುಖ್ಯ ಪಾಸ್‌ವರ್ಡನ್ನು ಹಂಚಬೇಡಿ. ಡಬ್ಲ್ಯುಪಿಎ2ರಲ್ಲಿ ಅದು ಗೊತ್ತಿದ್ದವನಿಗೆ ಮನೆಯ ಉಳಿದವರ ಮಾಹಿತಿಯ ಹೊರಪದರವನ್ನು ಬಿಡಿಸಲು ಸಾಧ್ಯವಿದೆ. ಇನ್ನು ಪಡೆಯುವವರ ಮಾತು. ಪಕ್ಕದವರ ವೈ-ಫೈ ಹೇಗೋ ಸಿಕ್ಕಿತೆಂದು ಹೆಮ್ಮೆಯಿಂದ ಹೇಳುವ ಮಕ್ಕಳನ್ನು ನಾನು ತರಗತಿಯಲ್ಲಿ ನೋಡಿದ್ದೇನೆ. ಅನುಮತಿ ಕೇಳದೆ ಇನ್ನೊಬ್ಬರ ಮನೆ ಹೊಗಬಾರದೆಂಬ ಸೂರಃ ನೂರ್‌ನ ಆದೇಶವನ್ನು ಮದರಸಾದಲ್ಲಿ ಓದಿದ ಮಕ್ಕಳೇ ಅವರು. ಗೋಡೆ ದಾಟದೆ ಗಾಳಿಯಲ್ಲಿ ಹೊಕ್ಕರೆ ಅದು ಬೇರೆಯಾಗುತ್ತದೆಯೇ ಎಂದು ಮನೆಯಲ್ಲಿ ಕೇಳಿ ನೋಡಿ. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಅನುಮತಿಯಿಲ್ಲದ ಪ್ರವೇಶವನ್ನು ತಪ್ಪೆಂದೇ ಹೇಳುತ್ತದೆ.

ಭಾಷಣ ಮುಗಿದ ಮೇಲೆ ಒಬ್ಬ ತಾಯಿ ಬಂದು ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ, ಅದು ನಿಮ್ಮದೂ ಆಗಿರಬಹುದು. ಪಾಸ್‌ವರ್ಡ್ ಬದಲಿಸಿದರೆ ಎಲ್ಲ ನಿಂತುಹೋಗುವುದಿಲ್ಲವೇ? ನಿಲ್ಲುತ್ತದೆ. ಮನೆಯ ಪ್ರತಿಯೊಂದು ಮೊಬೈಲ್, ಟಿವಿ, ಕ್ಯಾಮೆರಾಗೂ ಹೊಸ ಪಾಸ್‌ವರ್ಡ್ ಕೊಡಬೇಕು. ಆದ್ದರಿಂದ ಆನ್‌ಲೈನ್ ಪಾಠವೋ ಅರ್ಜಿಯ ಕೊನೆಯ ದಿನವೋ ಇರುವಾಗ ಬೇಡ, ಭಾನುವಾರ ಬೆಳಿಗ್ಗೆ ಮಾಡಿ. ಹೊಸ ಪಾಸ್‌ವರ್ಡನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ. ಮನೆಯ ಕಾಗದ ಬೀದಿಯವನಿಗೆ ಕಾಣುವುದಿಲ್ಲ, ಅದರಿಂದ ಅಪಾಯವಿಲ್ಲ. ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ರೌಟರಿನ ಹಿಂದೆ ಸೂಜಿ ಹೋಗುವಷ್ಟು ಒಂದು ತೂತಿದೆ, ಒಳಗಿನ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿದರೆ ಅದು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಆದರೆ ಕೆಲವು ಕಂಪನಿಗಳ ಸಂಪರ್ಕದ ವಿವರವೂ ಅಳಿಸಿಹೋಗುವುದರಿಂದ ಇದನ್ನು ಮಾಡುವ ಮೊದಲು ತಂತಿಯ ಹುಡುಗನಿಗೆ ಫೋನ್ ಮಾಡಿ.

ಎರಡನೆಯ ಪ್ರಶ್ನೆ: ಮಾವನವರ ಹಳೆಯ ಪ್ರಿಂಟರ್ ವೆಪ್ ಬಿಟ್ಟರೆ ಬೇರೆ ಯಾವುದಕ್ಕೂ ಸೇರುವುದಿಲ್ಲ, ಏನು ಮಾಡಲಿ? ಪ್ರಿಂಟರಿಗೆ ತಂತಿ ಹಾಕಿ. ಅದರ ಹಿಂದೆ ಯುಎಸ್‌ಬಿ ತೂತು ಇದ್ದೇ ಇರುತ್ತದೆ.